ನಾಯಿಯ ಏದುಸಿರಿಗೂ ತಾಳವಿದೆಯೇ?

ಪ್ರಶ್ನೆ: ಮಗಳು ಸದಾ ಕೇಳುವ ಹಳೆಯ ಅಮೆರಿಕನ್ ಫಂಕ್ (ಕುಣಿಸುವ ಲಯದ ಕಪ್ಪುಸಂಗೀತ) ಹಾಡೊಂದಿದೆ, ‘ಅಟಾಮಿಕ್ ಡಾಗ್’. ಅದರಲ್ಲಿ ನಾಯಿಯಂತೆ ಏದುಸಿರು ಬಿಡುತ್ತಾರೆ, ಬೌ ವೌ ಅನ್ನುತ್ತಾರೆ. ರ‍್ಯಾಪ್ ಹುಟ್ಟಿದ್ದೇ ಇಂಥದ್ದರಿಂದ ಎಂದು ಅವಳ ವಾದ. ನನಗೆ ಬರೀ ಹುಡುಗಾಟ ಅನ್ನಿಸುತ್ತದೆ. ಏನಂತೀರಿ?

ಉತ್ತರ: ಮಗಳಿಗೆ ಮುಕ್ಕಾಲು ಅಂಕ. ‘ಹುಟ್ಟಿದ್ದೇ’ ಅನ್ನುವುದು ಸ್ವಲ್ಪ ಅತಿಯಾಯಿತು, ರ‍್ಯಾಪ್‌ನವರು ಬಹಳ ಬಳಸಿಕೊಂಡ ತಾಳಗಳನ್ನು ನುಡಿಸಿದ, ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್‌ಗಳು ಕೇಳಿಸಿಕೊಂಡರೆ ಬೇಜಾರಾದಾರು. ಹುಡುಗಾಟ ಅಂದಿರಲ್ಲ, ಅದೂ ಸುಳ್ಳಲ್ಲ. 1982ರ ಜನವರಿಯಲ್ಲಿ ಈ ಹಾಡು ಸ್ಟುಡಿಯೋದಲ್ಲೇ ಹುಟ್ಟಿತು, ಮೊದಲೇ ಬರೆದಿಟ್ಟ ಸ್ವರಲಿಪಿ ಇರಲಿಲ್ಲ. ಹಾಡನ್ನು ಜೊತೆಗೂಡಿ ಕಟ್ಟಿದ ಡೇವಿಡ್ ಸ್ಪ್ರಾಡ್ಲಿ ಮೊದಲ ಟ್ರ್ಯಾಕ್‌ಗಳನ್ನು ಮುಗಿಸಿಟ್ಟಿದ್ದರು. ಹಾಡುಗಾರ ಜಾರ್ಜ್ ಕ್ಲಿಂಟನ್ ಪಾರ್ಟಿ ಮುಗಿಸಿಕೊಂಡು ಬಂದರು. ಅವರನ್ನು ಮೈಕಿನ ಮುಂದೆ ನಿಲ್ಲಿಸಿಕೊಳ್ಳಲು ತಾವೂ ಇನ್ನೊಬ್ಬ ಜೊತೆಗಾರ ಗ್ಯಾರಿ ಶೈಡರೂ ಆಚೀಚೆ ನಿಲ್ಲಬೇಕಾಯಿತು ಎಂದು ಸ್ಪ್ರಾಡ್ಲಿ ಮುಂದೆ ಕೋರ್ಟಿನಲ್ಲಿ ಸಾಕ್ಷ್ಯ ನುಡಿದಿದ್ದಾರೆ. ಕ್ಲಿಂಟನ್ ಬಾಯಿಗೆ ಬಂದದ್ದು ಅಂದೇ ಸಂಜೆ ರೆಕಾರ್ಡ್ ಆಯಿತು.

ನಾನು ಬಾಸ್ ಗಿಟಾರ್ ನುಡಿಸುವವನು, ಹಾಗಾಗಿ ಈ ಹಾಡಿನ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು. ಇದರ ಬಾಸ್‌ಗೆ ತಂತಿಯೇ ಇಲ್ಲ, ಅದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್! ಆದರೂ ಅಷ್ಟು ದಪ್ಪಗೆ, ಜೋಲಾಡುತ್ತ ನಡೆಯುತ್ತದೆ. ಒಮ್ಮೆ ಮಾತನ್ನು ಬಿಟ್ಟು ಏದುಸಿರನ್ನಷ್ಟೇ ಕೇಳಿ. ಅದು ಎಲ್ಲೆಂದರಲ್ಲಿ ಬರುವುದಿಲ್ಲ, ಲಯದ ಲೆಕ್ಕ ಹಿಡಿದೇ ಬರುತ್ತದೆ. ಡ್ರಮ್ ಸೆಟ್ಟಿನಲ್ಲಿ ಹೈಹ್ಯಾಟ್ (ಚಿಕ್‌ಚಿಕ್ ಎನ್ನುವ ಜೋಡಿ ತಟ್ಟೆ) ಮಾಡುವ ಕೆಲಸವನ್ನು ಇಲ್ಲಿ ಉಸಿರು ಮಾಡುತ್ತಿದೆ. ತಗ್ಗಿದ ದನಿಯಲ್ಲಿ ಮತ್ತೆ ಮತ್ತೆ ಬರುವ ‘ಡಾಗ್’ ಕೂಡ ಒಂದು ಪೆಟ್ಟೇ. ಹೀಗೆ ಪ್ರತಿ ತುಣುಕೂ ತನ್ನ ಕಾಲ ಮೇಲೆ ನಿಲ್ಲುವುದರಿಂದ ಹಳೆಯ ಹಾಡಿನ ತುಣುಕು ಕತ್ತರಿಸಿ ತಮ್ಮ ಹಾಡಿನಲ್ಲಿ ಕೂರಿಸುವ ರ‍್ಯಾಪ್‌ನವರಿಗೆ ಇದು ಬಲು ಅನುಕೂಲ.

1983ರಲ್ಲಿ ಇದು ಮೈಕಲ್ ಜಾಕ್ಸನ್ನರ ‘ಬಿಲ್ಲಿ ಜೀನ್’ ಅನ್ನು ಕೆಳಗಿಳಿಸಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಕಪ್ಪುಸಂಗೀತದ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಮುಖ್ಯ ಪಟ್ಟಿಯ ನೂರರೊಳಗೆ ಮಾತ್ರ ಕಾಲಿಡಲೇ ಇಲ್ಲ. ಅದೇನು ವಿಂಗಡಣೆಯೋ! ಹತ್ತು ವರ್ಷದ ಮೇಲೆ, 1993ರಲ್ಲಿ, ರ‍್ಯಾಪ್ ನಿರ್ಮಾಪಕ ಡಾಕ್ಟರ್ ಡ್ರೆ ಇದನ್ನು ಹಿಡಿದು ರ‍್ಯಾಪರ್ ಸ್ನೂಪ್ ಡಾಗ್‌ನ ಮೊದಲ ಸಿಂಗಲ್ ಕಟ್ಟಿದರು. ಅದೇ ವರ್ಷ ಇನ್ನೊಬ್ಬ ರ‍್ಯಾಪರ್ ಟೂಪಾಕ್‌ನ ‘ಹಾಲರ್ ಇಫ್ ಯಾ ಹಿಯರ್ ಮಿ’ಯಲ್ಲೂ ಇದರ ತುಣುಕು ಬಂತು. ನಿಮ್ಮ ಮಗಳು ಹೇಳುತ್ತಿರುವುದು ಈ ಹಾಡುಗಳ ಸಾಲನ್ನೇ ಇರಬೇಕು.

ಪ್ರಶ್ನೆ: (ಅವರದೇ ಪತ್ರದ ಕೊನೆಗೆ) ಬೌ ವೌ ಅಂದರೂ ಕೋರ್ಟಿಗೆ ಎಳೆಯುತ್ತಾರಂತೆ, ನಿಜವೇ?

ಉತ್ತರ: ಒಮ್ಮೆ ಎಳೆದದ್ದು ನಿಜ. ಪಬ್ಲಿಕ್ ಅನೌನ್ಸ್‌ಮೆಂಟ್ ತಂಡದ 1998ರ ಹಾಡೊಂದರಲ್ಲಿ ಆ ಬೌ ವೌ ಪಲ್ಲವಿ, ತಗ್ಗುದನಿಯ ‘ಡಾಗ್’, ಲಯಬದ್ಧ ಏದುಸಿರು ಮೂರೂ ಇದ್ದವು. ‘ಅಟಾಮಿಕ್ ಡಾಗ್’ನ ಹಕ್ಕು ಹೊಂದಿದ್ದ ಬ್ರಿಜ್‌ಪೋರ್ಟ್ ಮ್ಯೂಸಿಕ್ ಕಂಪನಿ ದಾವೆ ಹೂಡಿತು. ಜ್ಯೂರಿ 88,980 ಡಾಲರ್ ಪರಿಹಾರ ಕೊಡಿಸಿತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಾಗೆಂದು ನಾಯಿಯ ಉಸಿರನ್ನೇ ಯಾರ ಹೆಸರಿಗೂ ಬರೆದುಕೊಟ್ಟಿಲ್ಲ. ಈ ಹಾಡಿನಲ್ಲಿ ಅದನ್ನು ಬಳಸಿದ ರೀತಿ ಸ್ವಂತದ್ದು ಎಂಬ ಜ್ಯೂರಿಯ ತೀರ್ಮಾನ ನಿಂತಿತು, ಅಷ್ಟೇ. ಮನೆಯಲ್ಲಿ ಮಗಳ ಜೊತೆ ನೀವು ಧಾರಾಳವಾಗಿ ಬೊಗಳಬಹುದು.