ಟೀಚರ್ ಹತ್ರ ಕೇಳಿ: ಮಗಳು ‘ಎಂತ’ ಅನ್ನುವುದನ್ನೇ ಬಿಟ್ಟಿದ್ದಾಳೆ

ಪ್ರಶ್ನೆ: ಟೀಚರ್, ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ರ. ಮಗಳು ಬೆಂಗಳೂರಿನಲ್ಲಿ ಡಿಗ್ರಿ ಓದ್ತಿದ್ದಾಳೆ. ಹಾಸ್ಟೆಲ್‌ನಲ್ಲಿ ಅವಳು ಬಾಯಿ ತೆರೆದ್ರೆ ಸಾಕು, ‘ಸಿನಿಮಾದ ಅಡುಗೆಭಟ್ರ ಹಾಗೆ ಮಾತಾಡ್ತೀಯ’ ಅಂತ ನಗ್ತಾರಂತೆ. ಊರು ಕೇರಳ ಅಂತ ಗೊತ್ತಾದ ಮೇಲೆ ‘ಮಾಟಮಂತ್ರ ಬರುತ್ತಾ’ ಅಂತಲೂ ಕೇಳಿದ್ರಂತೆ. ದೀಪಾವಳಿಗೆ ಬಂದವಳು ಮನೆಯಲ್ಲೂ ಬೇರೆ ಕನ್ನಡ ಮಾತಾಡಿದ್ಲು, ‘ಎಂತ’ ಅನ್ನುವ ಒಂದು ಶಬ್ದ ಬಾಯಿಂದ ಬರ್ಲಿಲ್ಲ. ಇದಕ್ಕೆ ಸಿನಿಮಾವನ್ನು ದೂರುವುದು ಸರಿಯಾ?

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ, ಹೊಟ್ಟೆಗೆ ಸಂಕಟ ಆಯ್ತು. ದೂರುವುದು ಸರಿಯೇ, ಪೂರ್ತಿ ಅಲ್ಲದಿದ್ರೂ ದೊಡ್ಡ ಪಾಲು ಸಿನಿಮಾದ್ದೇ. ಹೀರೋ ಹೀರೋಯಿನ್‌ಗೆ ಎರಡೂವರೆ ಗಂಟೆ ಸಿಗ್ತದೆ, ಪಕ್ಕದ ಪಾತ್ರಕ್ಕೆ ಸಿಗುವುದು ಎರಡು ನಿಮಿಷ, ಅಷ್ಟರಲ್ಲಿ ಅವನು ಯಾರು ಅಂತ ಜನಕ್ಕೆ ಗೊತ್ತಾಗ್ಬೇಕು, ಅದಕ್ಕೆ ಅವನ ಬಾಯಿಗೆ ಒಂದು ಊರಿನ ಮಾತು ತುರುಕ್ತಾರೆ, ವೇಷಕ್ಕೆ ಕಿರೀಟ ಇಟ್ಟ ಹಾಗೆ. ವರ್ಷಗಟ್ಟಲೆ ಕರಾವಳಿಯ ಕನ್ನಡ ಸಿಕ್ಕಿದ್ದು ಹೋಟೆಲ್ ಭಟ್ರಿಗೆ, ಇಲ್ಲದಿದ್ರೆ ನಗಿಸ್ಲಿಕ್ಕೆ ಬಂದು ಹೋಗುವವರಿಗೆ. ಡಾಕ್ಟರಿಗೆ, ಜಡ್ಜಿಗೆ, ಪ್ರೀತಿ ಮಾಡುವ ಹುಡುಗಿಗೆ ಆ ಮಾತು ಸಿಗ್ಲಿಲ್ಲ. ಹಾಸ್ಟೆಲ್‌ನ ಆ ಮಕ್ಕಳು ನಿಮ್ಮ ಮಗಳಿಗಿಂತ ಮೊದಲು ನಮ್ಮ ಕನ್ನಡ ಕೇಳಿದ್ದು ಪರದೆ ಮೇಲೆ, ಅದೂ ನಗುವಿನ ಜೊತೆಗೆ. ಕೇರಳದ ಮಂತ್ರವಾದಿ ಅನ್ನುವ ಪಾತ್ರವೂ ಹಾಗೆಯೇ ಬಂದದ್ದು.

ನಮ್ಮ ಕಷ್ಟ ಎಂತದ್ದು ಹೇಳಿದ್ರೆ ಇದು ಎರಡೂ ಕಡೆಯಿಂದ ಬರ್ತದೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಆದ್ರೆ ಮಲಯಾಳಂ ಸಿನಿಮಾದಲ್ಲಿ ತುಂಬ ಕಾಲ ಕಾಸರಗೋಡು ಅಂದ್ರೆ ತಪ್ಪು ಮಾಡಿದ ಆಫೀಸರನ್ನು ಟ್ರಾನ್ಸ್‌ಫರ್ ಮಾಡಿ ಬಿಸಾಡುವ ಜಾಗ. ‘ನಿನ್ನನ್ನು ಕಾಸರಗೋಡಿಗೆ ಹಾಕ್ತೇನೆ’ ಅನ್ನುವುದೇ ಬೆದರಿಕೆ. ಹೀಗೆ ಕೇಳಿ ಕೇಳಿ ಬೆಳೆದವರು ನಿಜವಾಗಿ ಇಲ್ಲಿಗೆ ಪೋಸ್ಟಿಂಗ್ ಸಿಕ್ಕಿದ್ರೆ ಬಂದ ದಿನವೇ ವಾಪಸ್ ಹೋಗುವ ದಾರಿ ಹುಡುಕ್ತಾರೆ. ಶಾಲೆಯಲ್ಲಿ ನಾನೇ ಕಂಡಿದ್ದೇನೆ, ಬ್ಯಾಗ್ ಬಿಚ್ಚುವ ಮೊದಲೇ ಟ್ರಾನ್ಸ್‌ಫರ್ ಅರ್ಜಿ ಬರೆದವರನ್ನು. ನಷ್ಟ ಆದದ್ದು ಮಕ್ಕಳಿಗೆ.

ಸಮಾಧಾನದ ಸಂಗತಿಯೂ ಉಂಟು. 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ ನಮ್ಮ ಕಡೆಯ ಮಾತಾಡುವ ಲೆಕ್ಚರರೇ ಕಥಾನಾಯಕ. ಅದೇ ವರ್ಷ ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’, 2022ರಲ್ಲಿ ‘ನ್ನಾ ತಾನ್ ಕೇಸ್ ಕೊಡ್’ ಬಂದ ಮೇಲೆ ಮಲಯಾಳಂನವರೂ ಕಾಸರಗೋಡನ್ನು ಮನುಷ್ಯರು ಬದುಕುವ ಊರಾಗಿ ನೋಡಿದ್ರು. 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಮಕ್ಕಳ ಸಿನಿಮಾಕ್ಕಿರುವ ರಾಷ್ಟ್ರಪ್ರಶಸ್ತಿ ತಗೊಂಡಿತು, ಕನ್ನಡ ಬಾರದ ಟೀಚರನ್ನು ಕನ್ನಡ ಶಾಲೆಗೆ ಹಾಕಿದ್ರೆ ಎಂತ ಆಗ್ತದೆ ಅಂತ ಕರ್ನಾಟಕದವರಿಗೆ ಗೊತ್ತಾದದ್ದು ಅದರಿಂದ. ಆದ್ರೆ ಅದನ್ನು ನೋಡಿದ ಕೆಲವರು ನಾವು ದಿನಾ ಬೆಳಿಗ್ಗೆ ಎದ್ದು ಮಲಯಾಳಿಗಳ ಹತ್ರ ಜಗಳ ಮಾಡ್ತೇವೆ ಅಂತ ತಿಳ್ಕೊಂಡಿದ್ದಾರೆ! ಕುಂಬಳೆ ಪೇಟೆಯಲ್ಲಿ ಒಂದು ಕೆಜಿ ಮೀನು ತಗೊಳ್ಳುವಷ್ಟರಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ನಾಲ್ಕೂ ಬಾಯಿಗೆ ಬರ್ತದೆ, ಅದು ಯಾವ ಸಿನಿಮಾದಲ್ಲೂ ಸರಿಯಾಗಿ ಬಂದದ್ದು ನಾನು ನೋಡ್ಲಿಲ್ಲ.

ಮಗಳಿಗೆ ಬೈಬೇಡಿ, ಅವಳು ಅಲ್ಲಿ ಬದುಕ್ಲಿಕ್ಕೆ ಮಾಡಿದ ಉಪಾಯ ಅದು. ನೀವು ಮಾತ್ರ ಫೋನ್‌ನಲ್ಲಿ ನಮ್ಮ ಮಾತನ್ನೇ ಆಡಿ. ಒಮ್ಮೆ ಆ ಹುಡುಗಿಯರನ್ನು ರಜೆಗೆ ಮನೆಗೆ ಕರೀರಿ, ಎರಡು ದಿನ ನಿಮ್ಮಲ್ಲಿ ಊಟ ಮಾಡ್ಲಿ, ನಿಮ್ಮ ಮಾತು ಕೇಳ್ಲಿ.

ಪ್ರಶ್ನೆ: ಸಿನಿಮಾ ಸಮಾಜದ ಕನ್ನಡಿ ಅಷ್ಟೇ, ನೋಡಿ ಯಾರೂ ಹಾಳಾಗುವುದಿಲ್ಲ ಅಂತಾರೆ ನನ್ನ ಫ್ರೆಂಡ್ಸ್. ನೀವೆಂತ ಹೇಳ್ತೀರಿ? (ಮುಳ್ಳೇರಿಯದಿಂದ)

ಉತ್ತರ: ಬರೀ ಕನ್ನಡಿ ಆಗಿದ್ರೆ 2012ರ ಅಕ್ಟೋಬರ್ 2ರಿಂದ ಸಿಗರೇಟ್ ಸೀನ್ ಬಂದಾಗೆಲ್ಲ ಕೆಳಗೆ ಎಚ್ಚರಿಕೆ ಹಾಕ್ಬೇಕು ಅಂತ ರೂಲ್ಸ್ ಯಾಕೆ ಬರ್ತಿತ್ತು? ಹೀರೋ ಸೇದಿದ್ರೆ ಹುಡುಗರು ಸೇದ್ತಾರೆ ಅಂತ ಸರ್ಕಾರವೇ ಒಪ್ಪಿದ ಹಾಗೆ ಆಯ್ತಲ್ಲ. ಹೆಂಗಸಿನ ಕೆನ್ನೆಗೆ ಹೊಡೆಯುವ ಸೀನಿಗೆ, ದಪ್ಪ ಇದ್ದವರನ್ನು, ಕಪ್ಪಗಿದ್ದವರನ್ನು ಗೇಲಿ ಮಾಡುವ ಸೀನಿಗೆ ಅಂಥ ಒಂದು ಸಾಲೂ ಇಲ್ಲ.

ಪ್ರಶ್ನೆ: ಟೀಚರ್, ಹೆಸರು ಹಾಕ್ಬೇಡಿ. ಮಂಜೇಶ್ವರ ಕಡೆಯವಳು. ಪ್ಲಸ್ ವನ್ (ಹನ್ನೊಂದನೇ ಕ್ಲಾಸ್) ಓದುವ ಮಗ ಒಂದು ಹುಡುಗಿಯ ಹಿಂದೆ ದಿನಾ ಬಸ್‌ಸ್ಟ್ಯಾಂಡ್‌ನಿಂದ ಅವಳ ಮನೆಯ ದಾರಿವರೆಗೆ ಹೋಗ್ತಾನೆ ಅಂತ ಗೊತ್ತಾಯ್ತು. ಕೇಳಿದ್ರೆ ‘ಮೊದಲು ಎಲ್ಲರೂ ಬೇಡ ಅಂತಲೇ ಹೇಳುವುದು ಅಮ್ಮ, ಆಮೇಲೆ ಒಪ್ತಾರೆ’ ಅಂತಾನೆ. ಒಳ್ಳೆ ಹುಡುಗನೇ ಟೀಚರ್.

ಉತ್ತರ: ಒಳ್ಳೆ ಹುಡುಗ ಇರ್ಬಹುದು, ನಂಬ್ತೇನೆ. ಆದ್ರೆ ಆ ಹುಡುಗಿಗೆ ದಿನಾ ಸಂಜೆ ಹೆದರಿಕೆ ಆಗ್ತಾ ಉಂಟು, ಅದು ಇವತ್ತೇ ನಿಲ್ಬೇಕು. ಬೇಡ ಅಂದ ಮೇಲೂ ಹಿಂಬಾಲಿಸುವುದು 2013ರಿಂದ ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 78ನೇ ಸೆಕ್ಷನ್, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಉಂಟು. ಹುಡುಗಿಗೆ 18 ತುಂಬದಿದ್ರೆ ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಪಾಡುವ ಪೋಕ್ಸೋ ಕಾನೂನು ಕೂಡ ಬರ್ಬಹುದು. ಮಗ ಚಿಕ್ಕವನು ಅಂತ ಜುವೆನೈಲ್ ಬೋರ್ಡಿಗೆ ಹೋಗ್ಬಹುದು, ಆದ್ರೆ ಕೇಸ್ ಕೇಸೇ.

ಬರೀ ಕಾನೂನು ಹೇಳಿದ್ರೆ ಅವನಿಗೆ ಅರ್ಥ ಆಗ್ಲಿಕ್ಕಿಲ್ಲ. ಅವನಿಗೆ ಇಷ್ಟದ ಯಾವುದಾದ್ರೂ ಸಿನಿಮಾದಲ್ಲಿ ಹೀರೋ ಹುಡುಗಿಯ ಹಿಂದೆ ಹೋಗುವ ಹಾಡು ಇರ್ತದಲ್ಲ, ಅದನ್ನು ಸೌಂಡ್ ಆಫ್ ಮಾಡಿ ಅವನ ಜೊತೆ ಕೂತು ನೋಡಿ. ಮ್ಯೂಸಿಕ್ ಹೋದ್ರೆ ಉಳಿಯುವುದು ತಿರುಗಿ ತಿರುಗಿ ನೋಡ್ತಾ ಬೇಗ ಬೇಗ ನಡೆಯುವ ಒಂದು ಹುಡುಗಿ, ಬಿಡದೆ ಹಿಂದೆ ಬರುವ ಒಬ್ಬ ಗಂಡಸು. ಅದನ್ನೇ ವಿಲನ್ ಮಾಡಿದ್ರೆ ಮ್ಯೂಸಿಕ್ ಹೆದರಿಸುವ ಹಾಗೆ ಇರ್ತದೆ, ಹುಡುಗಿಯ ಮುಖ ಹತ್ತಿರದಿಂದ ತೋರಿಸ್ತಾರೆ. ಹೀರೋ ಮಾಡಿದ್ರೆ ಕ್ಯಾಮೆರಾ ಅವನ ಜೊತೆಗೇ ಹೋಗ್ತದೆ, ಅವಳ ಹೆದರಿಕೆ ಕಾಣುವುದೇ ಇಲ್ಲ. ನಿಮ್ಮ ಮಗ ಇಷ್ಟು ವರ್ಷ ನೋಡಿದ್ದು ಹೀರೋನ ಕಡೆಯಿಂದ ಮಾತ್ರ.

ಇನ್ನೊಂದು, ಅವನನ್ನು ಆ ಮನೆಗೆ ಕ್ಷಮೆ ಕೇಳ್ಲಿಕ್ಕೆ ಕಳಿಸ್ಬೇಡಿ, ಅದನ್ನೂ ಆ ಹುಡುಗಿ ಸಹಿಸ್ಬೇಕಾಗ್ತದೆ. ನೀವೇ ಅವಳ ಅಮ್ಮನಿಗೆ ಒಂದು ಫೋನ್ ಮಾಡಿ, ‘ನನ್ನ ಮಗ ಇನ್ನು ಆ ದಾರಿಗೆ ಬರುವುದಿಲ್ಲ’ ಅಂತ ಹೇಳಿ. ನಾಳೆಯಿಂದ ಅವನು ಬೇರೆ ಬಸ್ಸಿಗೆ ಹೋಗ್ಲಿ.