ಮೊದಲು ತಂಬೂರಿ ಕೇಳಿ, ಬೇಸ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನ್ ಬಗ್ಗೆ. ಹೊಸ ಓದುಗರಿಗೆ ಒಂದು ಮಾತು: ಧಾರವಾಡದ ಮಾಳಮಡ್ಡಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಅದೇ ಕೋಣೆಯಲ್ಲಿ ಅಪ್ಪ ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುತ್ತಿದ್ದರು. ಹಾಗಾಗಿ ನನ್ನ ಉತ್ತರಗಳಲ್ಲಿ ತಂಬೂರಿ ಮತ್ತೆ ಮತ್ತೆ ಬರುತ್ತದೆ. ದನಿಯನ್ನು ತೂಗಿ ನೋಡಲು ನನಗೆ ಅದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಿಲ್ಲ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಪಾಠದ ರೆಕಾರ್ಡಿಂಗ್ ಕೇಳಲು ಸಾವಿರ ರೂಪಾಯಿಯೊಳಗೆ ಇಯರ್‌ಫೋನ್ ಬೇಕು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲರೂ ‘ಬೇಸ್ ಭಾರಿ ಇದೆ’ ಅಂತಲೇ ತೋರಿಸಿದರು. ದನಿ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? — ವಿದ್ಯಾರ್ಥಿನಿ, ಗದಗ

ಉತ್ತರ: ಅಂಗಡಿಯಲ್ಲಿ ಹಚ್ಚಿ ತೋರಿಸುವುದು ಧಂ ಧಂ ಎನ್ನುವ ಹಾಡು. ರಸ್ತೆಯ ಗದ್ದಲದಲ್ಲಿ ಅರ್ಧ ನಿಮಿಷ ಕೇಳಿದರೆ ಆ ಧಂ ಒಂದೇ ಕಿವಿಗೆ ಮುಟ್ಟುತ್ತದೆ. ಆದರೆ ನಿಮಗೆ ಬೇಕಾದದ್ದು ಗುರುಗಳ ದನಿ. ಅದು ಇರುವುದು ಬೇಸ್ ಎನ್ನುವ ಕೆಳಗಿನ ದನಿಗೂ ಮೇಲಿನ ದನಿಗೂ ನಡುವೆ. ಬೇಸ್ ವಿಪರೀತ ಇರುವ ಸೆಟ್ ಆ ನಡುವಿನ ಮೇಲೆ ಕಂಬಳಿ ಹೊದಿಸಿಬಿಡುತ್ತದೆ. ಗುರುಗಳು ಗಾಂಧಾರಕ್ಕೆ (ಗ ಸ್ವರಕ್ಕೆ) ಎಲ್ಲಿಂದ ಹತ್ತಿದರು, ಎಲ್ಲಿ ನಿಂತರು ಅನ್ನುವುದು ಮಸುಕಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ದನಿ ನೋಡುವ ಮೊದಲು ರಬ್ಬರ್ ಟಿಪ್ ನೋಡಿ. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಟಿಪ್ ಇರುತ್ತವೆ. ನಡುವಿನ ಅಳತೆಯದನ್ನು ಹಾಕಿಯೇ ಕಳಿಸಿರುತ್ತಾರೆ, ಉಳಿದ ಎರಡು ಜೊತೆ ಪ್ಲಾಸ್ಟಿಕ್ ಚೀಲದಲ್ಲೇ ಉಳಿಯುತ್ತವೆ. ಕಿವಿಯ ದಾರಿ ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರಿ ಹೋಗುವುದು ಕೆಳಗಿನ ದನಿ. ಪರೀಕ್ಷೆ ಸುಲಭ. ತಬಲಾ ಇರುವ ಹಾಡು ಹಚ್ಚಿ. ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒಳಗೆ ಒತ್ತಿ. ಒತ್ತಿದ ಕೂಡಲೇ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯದು) ತುಂಬಿಕೊಂಡು ಬಂದರೆ, ಬಿಟ್ಟ ಕೂಡಲೇ ಪೊಳ್ಳಾದರೆ, ನಿಮ್ಮ ಟಿಪ್ ಸಣ್ಣದಾಗಿದೆ ಎಂದರ್ಥ. ನಾನೇ ಒಮ್ಮೆ ಒಂದು ಸೆಟ್ಟನ್ನು ‘ಇದರಲ್ಲಿ ಖರಜ (ಕೆಳಗಿನ ದನಿ) ಇಲ್ಲವೇ ಇಲ್ಲ’ ಎಂದು ಬದಿಗಿಟ್ಟಿದ್ದೆ. ಎರಡು ದಿನ ಬಿಟ್ಟು ದೊಡ್ಡ ಟಿಪ್ ಹಾಕಿ ಕೇಳಿದರೆ ಖರಜ ಇತ್ತು! ನನ್ನ ಬಲಗಿವಿಗೆ ದೊಡ್ಡದು, ಎಡಗಿವಿಗೆ ನಡುವಿನದು ಹೊಂದುತ್ತದೆ ಎಂದು ಗೊತ್ತಾಗಿದ್ದೇ ಆವಾಗ. ಎರಡೂ ಕಿವಿಗೆ ಒಂದೇ ಅಳತೆ ಇರಬೇಕು ಅಂತೇನಿಲ್ಲ.

ಈಗ ತಂಬೂರಿ. ಅಪ್ಪನ ಕಾಲದ ಮಿರಜಿನ ತಂಬೂರಿಯೊಂದು ನನ್ನ ಬಳಿ ಇದೆ. ಅದನ್ನು ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿ, ಒಳ್ಳೆಯ ಮೈಕಿನಲ್ಲಿ ಐದು ನಿಮಿಷ ರೆಕಾರ್ಡ್ ಮಾಡಿ ಫೋನಿಗೆ ಹಾಕಿಕೊಂಡಿದ್ದೇನೆ. ಯಾರಾದರೂ ಹೊಸ ಸೆಟ್ ತಂದರೆ ಮೊದಲು ಚಾಪೆಯ ಮೇಲೆ ಕೂತು ತಂಬೂರಿಯನ್ನೇ ಎರಡು ನಿಮಿಷ ಮೀಟುತ್ತೇನೆ. ಪ, ಸ, ಸ, ಕೊನೆಗೆ ಖರಜದ ಸ. ಆಮೇಲೆ ತಂಬೂರಿ ಗೋಡೆಗೆ ಒರಗಿಸಿ, ಅದೇ ದನಿಯನ್ನು ಇಯರ್‌ಫೋನಿನಲ್ಲಿ ಕೇಳುತ್ತೇನೆ. ನಿಜವಾದ ದನಿ ಇನ್ನೂ ಕಿವಿಯಲ್ಲಿ ಬಿಸಿಯಾಗಿರುವಾಗಲೇ ಕೇಳಬೇಕು.

ಏನನ್ನು ಕೇಳಬೇಕು? ಕಪ್ಪು ಒಂದರ ಷಡ್ಜ, ಅಂದರೆ ಸ, ಸುಮಾರು 139 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಖರಜದ ತಂತಿ ಅದರ ಅರ್ಧ, ಸುಮಾರು 69. ಫೋನಿನ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಸರಿಯಾಗಿ ಹೊರಡಿಸಲು ಆಗುವುದಿಲ್ಲ. ಮೇಲಿನ ಸ್ವರಗಳನ್ನು ಕೇಳಿ ಮಿದುಳೇ ಅದನ್ನು ಊಹಿಸಿಕೊಳ್ಳುತ್ತದೆ. ಇಯರ್‌ಫೋನಿನಲ್ಲಿ ಮಾತ್ರ ಆ ತಂತಿ ನಿಜವಾಗಿ ಕೂತಿರಬೇಕು, ಆದರೆ ಉಳಿದ ಮೂರನ್ನು ನುಂಗಬಾರದು. ನಾಲ್ಕೂ ತಂತಿ ಬೇರೆ ಬೇರೆಯಾಗಿ ಎಣಿಸಲು ಬರಬೇಕು.

ಇನ್ನೊಂದು ಇದೆ, ಇದು ನನಗೆ ಬಹಳ ಮುಖ್ಯ. ಖರಜದ ತಂತಿ ಮೀಟಿದ ಮೇಲೆ ಅದರೊಳಗಿಂದ ತಾನೇ ತಾನಾಗಿ ಒಂದು ಗಾಂಧಾರ ಏಳುತ್ತದೆ. ಸ್ವಯಂಭೂ ಗಾಂಧಾರ ಅನ್ನುತ್ತಾರೆ. ತಂತಿಯ ಐದು ಪಟ್ಟು ವೇಗದ ಕಂಪನ ಅದು, ಅಂದರೆ ಇಲ್ಲಿ ಸುಮಾರು 346 ಹರ್ಟ್ಸ್. ಯಾರೂ ಮೀಟದ ಸ್ವರ. ಜವಾರಿ ಸರಿ ಇದ್ದರೆ ಸ್ಪಷ್ಟವಾಗಿ ಕೇಳುತ್ತದೆ. (ಈ ಭಾಗದ ಜವಾರಿ ಕಾಳು, ಜವಾರಿ ಹಸು ಎನ್ನುವ ಜವಾರಿ ಬೇರೆ. ತಂಬೂರಿಯ ಜವಾರಿ ಎಂದರೆ ತಂತಿಗಳು ಕೂರುವ ಕುದುರೆ ಎನ್ನುವ ಪಟ್ಟಿಯನ್ನು ಒರೆದು ಹದ ಮಾಡಿ, ತಂತಿಯ ಕೆಳಗೆ ನೂಲಿಟ್ಟು ಝೇಂಕಾರ ಬರಿಸುವುದು. ಅಪ್ಪ ಆ ನೂಲನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಸರಿಸಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಸರಿಸುತ್ತಿದ್ದರು.) ನಿಮ್ಮ ಇಯರ್‌ಫೋನಿನಲ್ಲಿ ಆ ಗಾಂಧಾರ ಎದ್ದು, ತೇಲಿ, ನಿಧಾನಕ್ಕೆ ಕರಗುವುದು ಕೇಳಿದರೆ ನಡುವಿನ ದನಿ ಶುದ್ಧವಾಗಿದೆ ಎಂದು ಧೈರ್ಯವಾಗಿ ನಂಬಬಹುದು. ಬರೀ ಗುಂಯ್ ಎಂದು ಮುದ್ದೆಯಾಗಿ ಕೇಳಿದರೆ ಬೇಸ್ ಅದನ್ನು ತಿಂದಿದೆ.

ತಂಬೂರಿ ಆದ ಮೇಲೆ ಗುರುಗಳ ದನಿ ಹಚ್ಚಿ. ಸ, ಶ ಬರುವ ಕಡೆ ಗಮನ ಕೊಡಿ. ಅಲ್ಲಿ ಸೂಜಿ ಚುಚ್ಚಿದಂತಾದರೆ ಟ್ರೆಬಲ್ (ಮೇಲಿನ ದನಿ) ಜಾಸ್ತಿಯಾಗಿದೆ. ನಮ್ಮ ಕಿವಿಯ ನಾಳ ಸಹಜವಾಗಿಯೇ 3,000 ಹರ್ಟ್ಸ್ ಸುತ್ತಮುತ್ತಲಿನ ದನಿಯನ್ನು ಏರಿಸುತ್ತದೆ. ನಾಳ ಮುಚ್ಚಿದಾಗ ಆ ಏರಿಕೆ ಕೆಡುತ್ತದೆ, ಅದಕ್ಕೆ ತಯಾರಕರು ಇಯರ್‌ಫೋನಿನಲ್ಲೇ ಅಲ್ಲಿ ಒಂದು ಉಬ್ಬು ಕೊಡುತ್ತಾರೆ. ಅಗ್ಗದ ಕೆಲವು ಸೆಟ್‌ಗಳಲ್ಲಿ ಆ ಉಬ್ಬು ಮಿತಿ ಮೀರಿರುತ್ತದೆ. ಆಗ ಹಾರ್ಮೋನಿಯಂ ತಗಡಿನ ಪೀಪಿಯಂತೆ ಕೇಳುತ್ತದೆ. ಹತ್ತು ನಿಮಿಷಕ್ಕೇ ಕಿವಿ ದಣಿಯುತ್ತದೆ. ಒಂದು ತಾಸು ಕೂತು ಪಾಠ ಕೇಳುವ ನಿಮಗೆ ಅದು ಬೇಡ.

ಎರಡು ಸೆಟ್ ಹೋಲಿಸುವಾಗ ಒಂದು ಎಚ್ಚರ. ದನಿ ಸ್ವಲ್ಪ ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳಿಸುತ್ತದೆ. ಇದು ಎಲ್ಲರ ಕಿವಿಯ ಗುಣ. ಒಂದೇ ಫೋನಿಗೆ ಒಂದೇ ವಾಲ್ಯೂಮಿನಲ್ಲಿ ಎರಡನ್ನೂ ಚುಚ್ಚಿದರೆ, ಯಾವುದರ ಸೂಕ್ಷ್ಮತೆ ಹೆಚ್ಚೋ ಅದು ಜೋರಾಗಿ ಹೊಡೆದು ಗೆದ್ದುಬಿಡುತ್ತದೆ. ಗುರುಗಳ ಒಂದೇ ಸಾಲನ್ನು ಎರಡರಲ್ಲೂ ಹಚ್ಚಿ, ದನಿ ಸಮ ಅನ್ನಿಸುವ ತನಕ ವಾಲ್ಯೂಮ್ ಹೊಂದಿಸಿಕೊಂಡು ಆಮೇಲೆ ತೀರ್ಮಾನ ಮಾಡಿ.

ಡಬ್ಬಿಯ ಮೇಲಿನ 20ರಿಂದ 20,000 ಹರ್ಟ್ಸ್ ಎನ್ನುವುದನ್ನು ನೋಡಲೇಬೇಡಿ. ಮನುಷ್ಯನ ಕಿವಿಯ ಮಿತಿಯೆಂದು ಹೇಳುವ ಅಂಕಿ ಅದು, ಎಲ್ಲರೂ ಅಚ್ಚು ಹಾಕುತ್ತಾರೆ. ಆ ಹರವಿನಲ್ಲಿ ಯಾವ ದನಿ ಎಷ್ಟು ಏರಿಳಿದಿದೆ ಎಂದು ಹೇಳದಿದ್ದರೆ ಅದರಿಂದ ಏನೂ ತಿಳಿಯದು. ದನಿ ಹೊರಡಿಸುವ ಡ್ರೈವರ್ 10 ಮಿಲಿಮೀಟರ್, 14 ಮಿಲಿಮೀಟರ್ ಎನ್ನುವುದೂ ಅಷ್ಟೇ. 6 ಮಿಲಿಮೀಟರಿನ ಒಳ್ಳೆಯ ಡ್ರೈವರ್ ಸಿಗುತ್ತದೆ, 14ರ ಕೆಟ್ಟದ್ದೂ ಸಿಗುತ್ತದೆ.

ಸಾವಿರ ರೂಪಾಯಿಯೊಳಗೆ ಅಂದರೆ ವೈರ್ ಇರುವುದನ್ನೇ ತೆಗೆದುಕೊಳ್ಳಿ. ಬ್ಯಾಟರಿ, ಚಾರ್ಜಿಂಗ್ ಡಬ್ಬಿ, ಬ್ಲೂಟೂತ್ ಚಿಪ್ಪಿಗೆ ಹೋಗುವ ದುಡ್ಡು ಉಳಿದು ದನಿಗೆ ಹೋಗುತ್ತದೆ. ಫೋನಿನಲ್ಲಿ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಬೇಕು. ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಸಂಕೇತವನ್ನು ದನಿಯಾಗಿಸುವ ಚಿಪ್) ಇರುವುದನ್ನೇ ಕೇಳಿ ತನ್ನಿ. ಬರೀ ತಂತಿ ಜೋಡಿಸಿದ ಅಡಾಪ್ಟರ್ ಕೆಲವು ಫೋನಿನಲ್ಲಿ ನಡೆಯುವುದೇ ಇಲ್ಲ. ಕಿವಿಯೊಳಗೆ ಹೋಗುವ ವಸ್ತುವಾದ್ದರಿಂದ ಎಷ್ಟೋ ಅಂಗಡಿಗಳಲ್ಲಿ ಹಾಕಿ ನೋಡಲು ಕೊಡುವುದಿಲ್ಲ, ಅದು ಸರಿಯೇ. ನಿಮ್ಮ ಜೊತೆ ಕಲಿಯುವವರ ಸೆಟ್ ಒಂದು ಸಂಜೆ ಇಸಕೊಳ್ಳಿ, ನಿಮ್ಮದೇ ಟಿಪ್ ಹಾಕಿ ಕೇಳಿ. ಕೇಳುವ ಫೈಲ್ ಮಾತ್ರ ವಾಟ್ಸಾಪಿನಲ್ಲಿ ಹತ್ತು ಕಡೆ ಸುತ್ತಿ ಬಂದದ್ದಾಗಿರಬಾರದು.

ಪ್ರಶ್ನೆ: ಮಗಳಿಗೆ ವಾರಕ್ಕೆ ಎರಡು ದಿನ ಆನ್‌ಲೈನ್ ಸಂಗೀತ ಪಾಠ. ಹೊಸ ಬ್ಲೂಟೂತ್ ಬಡ್ಸ್ ಕೊಡಿಸಿದೆವು. ಹಾಡು ಕೇಳುವಾಗ ಚೆನ್ನಾಗಿದೆ. ಪಾಠ ಶುರುವಾದ ಕೂಡಲೇ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಗುರುಗಳ ತಂಬೂರಿಯಂತೂ ಬಂದು ಬಂದು ಮಾಯವಾಗುತ್ತದೆ. ಬಡ್ಸ್ ಕೆಟ್ಟಿದೆಯೇ? — ಗೃಹಿಣಿ, ಹಾವೇರಿ

ಉತ್ತರ: ಕೆಟ್ಟಿಲ್ಲ, ಗಾಬರಿಯಾಗಬೇಡಿ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ.

ಬಡ್ಸಿನ ಮೈಕ್ ಚಾಲೂ ಆದ ಕೂಡಲೇ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಫೋನ್ ಕರೆಯ ದಾರಿಗೆ ಹೋಗುತ್ತದೆ. ಹೆಚ್ಚಿನ ಅಗ್ಗದ ಸೆಟ್‌ಗಳಲ್ಲಿ ಆ ದಾರಿ ಬಹಳ ಕಿರಿದು. ಹೆಚ್ಚೆಂದರೆ 8,000 ಹರ್ಟ್ಸ್ ತನಕದ ದನಿ ಸಾಗುತ್ತದೆ, ಹಳೆಯ ಕ್ರಮದ್ದಾದರೆ 4,000ಕ್ಕೇ ಮುಗಿಯಿತು. ಡಬ್ಬಿಯ ದನಿ ಅದೇ. ಪಾಠಕ್ಕೆ ಮಾತ್ರ ಒಂದು ಸಾದಾ ವೈರಿನ ಇಯರ್‌ಫೋನ್ ಇಟ್ಟುಬಿಡಿ. ಬ್ಲೂಟೂತಿನಲ್ಲಿ ದನಿ ತಡವಾಗಿಯೂ ಬರುತ್ತದೆ. ತಾಳದ ಆ್ಯಪ್ ಹಚ್ಚಿಕೊಂಡು ಹಾಡುವ ಮಗು ಸಮ (ತಾಳದ ಮೊದಲ ಪೆಟ್ಟು) ತಪ್ಪಿದರೆ ಮಗುವನ್ನು ಬೈಯಬೇಡಿ.

ತಂಬೂರಿ ಮಾಯವಾಗುವುದು ಬಡ್ಸಿನ ತಪ್ಪಲ್ಲ. ವಿಡಿಯೋ ಕರೆಯ ಆ್ಯಪ್‌ಗಳು ಒಂದೇ ಸಮ ಬರುವ ದನಿಯನ್ನು ಫ್ಯಾನಿನ ಸದ್ದು ಅಂತ ತಿಳಿದು ಅಳಿಸಿಹಾಕುತ್ತವೆ. ತಂಬೂರಿಯೋ ಒಂದೇ ಸಮ ಬರುವ ದನಿ! ಜೂಮ್ ಆದರೆ ‘ಒರಿಜಿನಲ್ ಸೌಂಡ್’ ಎಂಬ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಬೇಕಾದದ್ದು ದನಿ ಕಳಿಸುವ ಕಡೆ. ಗುರುಗಳಿಗೆ ವಿನಯದಿಂದ ಹೇಳಿ, ಅವರ ಕಡೆ ಆನ್ ಮಾಡಿದರೆ ಮಗಳಿಗೆ ತಂಬೂರಿ ಕೇಳುತ್ತದೆ. ಮಗಳ ಕಡೆಯೂ ಆನ್ ಮಾಡಿ, ಅವಳ ಉದ್ದನೆಯ ಷಡ್ಜ ಗುರುಗಳಿಗೆ ಕತ್ತರಿಸದೆ ಮುಟ್ಟುತ್ತದೆ. ನನ್ನ ಕೋಣೆಗೆ ಬರುವ ಇಬ್ಬರು ಹಾಡುಗಾರರಿಗೆ ಇದನ್ನು ಮಾಡಿಕೊಟ್ಟೆ. ‘ಈಗ ಶಿಷ್ಯರ ಜೊತೆ ಒಂದೇ ಕೋಣೆಯಲ್ಲಿ ಕೂತಂಗ ಆತು’ ಅಂದರು.

ಪ್ರಶ್ನೆ: ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ಬಸ್ಸಿನಲ್ಲಿ ಬೇಸ್ ಕೇಳುವುದೇ ಇಲ್ಲ, ವಾಲ್ಯೂಮ್ ತುಂಬ ಇಡಬೇಕಾಗುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನು ಕೊಳ್ಳಲೇ? — ಬ್ಯಾಂಕ್ ನೌಕರ, ಧಾರವಾಡ

ಉತ್ತರ: ಬಸ್ಸಿನ ಗುರ್ ಎನ್ನುವ ಸದ್ದು ಕೆಳಗಿನ ದನಿ. ಅದು ಹಾಡಿನ ಕೆಳಗಿನ ದನಿಯನ್ನು ಮುಚ್ಚುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ತಗ್ಗಿಸುವುದು ಇಂಥ ಒಂದೇ ಸಮನೆಯ ಸದ್ದನ್ನು. ಪಕ್ಕದವರ ಮಾತು, ಹಾರ್ನ್ ಅಷ್ಟಾಗಿ ತಗ್ಗುವುದಿಲ್ಲ. ದುಡ್ಡಿದ್ದರೆ ಕೊಳ್ಳಿ. ಅದಕ್ಕೂ ಮೊದಲು ಸರಿಯಾದ ಅಳತೆಯ ಟಿಪ್ ಹಾಕಿ ಒಂದು ವಾರ ಓಡಾಡಿ ನೋಡಿ. ಅರ್ಧ ತೊಂದರೆ ಅಲ್ಲೇ ತೀರಬಹುದು.

ವಾಲ್ಯೂಮ್ ವಿಷಯದಲ್ಲಿ ಮಾತ್ರ ನಾನು ಸುಮ್ನಿರಲಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ತಾಸು. 3 ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ತಾಸು. ದಿನಾ ಹೋಗಿಬರುವುದಕ್ಕೆ ಒಂದೂವರೆ ತಾಸು ಹಿಡಿದರೂ ನಿಮ್ಮ ಲೆಕ್ಕ ಬುಧವಾರಕ್ಕೇ ಮುಗಿಯುತ್ತದೆ. ಇಳಿದ ಮೇಲೆ ಕಿವಿಯಲ್ಲಿ ಕೀಂ ಎಂದರೆ ಅವತ್ತು ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಅಪ್ಪನಿಗೆ 74 ವರ್ಷ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅಂದರೆ ಜೀವ. ನಾನು ಒಳ್ಳೆಯ ಇಯರ್‌ಫೋನ್ ಕೊಡಿಸಿದರೆ ‘ಹಳೆಯದೇ ಚೆನ್ನಾಗಿತ್ತು, ಇದರಲ್ಲಿ ಬರೀ ಸರ ಸರ ಸದ್ದು’ ಅನ್ನುತ್ತಾರೆ. ಯಾಕೆ? — ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಅಪ್ಪ ಹೇಳುವುದು ನಿಜ. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ಮೇಲಿನ ದನಿ ಕಡಿಮೆ, ಅಲ್ಲಿ ಇರುವುದು ಹೆಚ್ಚಾಗಿ ಸೂಜಿಯ ಸದ್ದು. ಟ್ರೆಬಲ್ ಎತ್ತಿದ ಇಯರ್‌ಫೋನ್ ಆ ಸದ್ದನ್ನೇ ಎತ್ತಿ ತೋರಿಸುತ್ತದೆ. ಗಂಗೂಬಾಯಿ ಅವರ ನಂತರದ ವರ್ಷಗಳ ಆ ದಪ್ಪ, ಗಟ್ಟಿ ದನಿ ಇಂಥ ಸೆಟ್ಟಿನಲ್ಲಿ ತೆಳ್ಳಗಾಗಿಬಿಡುತ್ತದೆ. ಫೋನಿನ ಈಕ್ವಲೈಸರ್ ತೆರೆದು 6,000 ಹರ್ಟ್ಸ್‌ನಿಂದ ಮೇಲಿನದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಇಳಿಸುವಾಗ ಅಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ, ‘ಹಾಂ, ಇಲ್ಲೇ ಇರಲಿ’ ಅಂದ ಕಡೆ ನಿಲ್ಲಿಸಿ. ವಯಸ್ಸಾದಂತೆ ಮೇಲಿನ ದನಿ ಕೇಳುವುದು ಕಡಿಮೆಯಾಗುತ್ತದೆ, ಆದ್ದರಿಂದ ನಿಮ್ಮ ಕಿವಿಗೆ ಸರಿ ಅನ್ನಿಸಿದ್ದು ಅವರಿಗೆ ಸರಿ ಅನ್ನಿಸಬೇಕಿಲ್ಲ. ಕೇಳುವವರು ಅವರು, ಅಲ್ವಾ?

ಪ್ರಶ್ನೆ: ಎಂಟು ತಿಂಗಳಿಗೇ ಎಡಗಡೆಯ ದನಿ ಕಡಿಮೆಯಾಗಿದೆ. ಎಸೆಯಲೇ? — ಕಾಲೇಜು ವಿದ್ಯಾರ್ಥಿ, ಲಕ್ಷ್ಮೇಶ್ವರ

ಉತ್ತರ: ಎಸೆಯಬೇಡಿ. ಎಡದ್ದನ್ನು ಬಲಗಿವಿಗೆ, ಬಲದ್ದನ್ನು ಎಡಗಿವಿಗೆ ಹಾಕಿ ನೋಡಿ. ಕಡಿಮೆ ದನಿ ಬಲಗಿವಿಗೆ ಬಂದರೆ ತೊಂದರೆ ಸೆಟ್ಟಿನದು. ಎಡಗಿವಿಯಲ್ಲೇ ಉಳಿದರೆ ಕಿವಿ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಸೆಟ್ಟಿನದಾದರೆ ಟಿಪ್ ಕಳಚಿ, ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಹಳದಿ ಮೇಣ ಕೂತಿರುವುದು ಕಾಣುತ್ತದೆ. ಜಾಲರಿ ಕೆಳಮುಖವಾಗಿರುವಂತೆ ಹಿಡಿದು, ಒಣಗಿದ ಮೆತ್ತನೆಯ ಹಲ್ಲಿನ ಬ್ರಷ್‌ನಿಂದ ಹಗುರಾಗಿ ಉಜ್ಜಿ. ಮೇಲ್ಮುಖ ಮಾಡಿ ಉಜ್ಜಿದರೆ ಮೇಣ ಒಳಗೆ ಬೀಳುತ್ತದೆ. ಪಿನ್ನು, ನೀರು, ಬಾಯಿಂದ ಊದುವುದು ಯಾವುದೂ ಬೇಡ. ಟಿಪ್ ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಆರಿದ ಮೇಲೆ ಹಾಕಿ.