ಕಡಿಮೆ ಖರ್ಚಿನಲ್ಲಿ ಮದುವೆ ಚೆಂದವಾಗಿ ಮಾಡುವುದು ಹೇಗೆ?

ಕತ್ತರಿ ಹಾಕಬೇಕಾದದ್ದು ಅಲಂಕಾರಕ್ಕಲ್ಲ, ಕರೆಯುವವರ ಪಟ್ಟಿಗೆ. ಒಬ್ಬ ಅತಿಥಿ ಜಾಸ್ತಿಯಾದರೆ ಒಂದು ಎಲೆ ಊಟ ಮಾತ್ರ ಹೆಚ್ಚುವುದಿಲ್ಲ. ಹಿಂದಿನ ರಾತ್ರಿಯ ಆರತಕ್ಷತೆ ಊಟ, ಬೆಳಗಿನ ತಿಂಡಿ, ತಾಂಬೂಲದ ಚೀಲ, ಕೂರುವ ಜಾಗ ಎಲ್ಲವೂ ಹೆಚ್ಚುತ್ತದೆ. 800 ಜನರ ಪಟ್ಟಿ 300ಕ್ಕೆ ಇಳಿದರೆ ಚಿಕ್ಕ ಛತ್ರವೇ ಸಾಕು. ನೆಂಟರು ಸ್ವಲ್ಪ ಮುನಿಸಿಕೊಳ್ಳುತ್ತಾರೆ, ಅದು ಹೇಗೂ ಇದ್ದದ್ದೇ ಅಲ್ವಾ? ಆರತಕ್ಷತೆಯನ್ನು ಧಾರೆಯ ದಿನವೇ ಮುಗಿಸಿದರೆ ಒಂದು ರಾತ್ರಿಯ ಬಾಡಿಗೆ, ಊಟ ಎರಡೂ ಉಳಿಯುತ್ತದೆ.

ಮಂಟಪಕ್ಕೆ ಸುಮ್ನೆ ಆರ್ಕಿಡ್ ತರಿಸಬೇಡಿ. ಬಾಳೆಕಂಬ, ಮಾವಿನ ತೋರಣ, ಹಳದಿ ಸೇವಂತಿಗೆ ಮಾಲೆ, ಎರಡೂ ಬದಿಗೆ ಆಗತಾನೆ ಬಿಡಿಸಿದ ಹೊಂಬಾಳೆ ಇಟ್ಟರೆ ಥರ್ಮೋಕೋಲ್ ಅರಮನೆಗಿಂತ ಚೆಂದ ಕಾಣುತ್ತದೆ. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನ ಮುಹೂರ್ತ ಮಾತ್ರ ಬೇಡ, ಆಗ ಹೂವಿನ ರೇಟು ಮುಟ್ಟುವ ಹಾಗಿರುವುದಿಲ್ಲ.